ಫೋರ್ತ್ ಸೀಟು

"ಇಷ್ಟ ಸಣ್ಣ ಡಬ್ಬಿಯಾಗ ಇವರ ದನಿ ಹೆಂಗ ಹಿಡಸ್ತೈತಿ? ದೊಡ್ಡದು ತೋರಸವಾ," ಎಂದಳು ಕಾಶವ್ವ.

ಘಾಟ್ಕೋಪರ್ ಸ್ಟೇಷನ್ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸಲ್ಮಾ ನಗು ತಡೆದುಕೊಂಡಳು. ಕಾಶವ್ವ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಹಳೆಯ ಹಾರ್ಡ್ ಡಿಸ್ಕ್ ಒಳ್ಳೇ ಭಾರ. ಸಲ್ಮಾ ತೋರಿಸಿದ ಹೊಸದು ಅಂಗೈಯಗಲ. ಹಳೆಯದರೊಳಗೆ ಗಂಡ ದಾನಪ್ಪನ ದನಿಯಿತ್ತು. ಮಗಳು ಶೀತಲ ಚಿಕ್ಕವಳಿದ್ದಾಗ ಆಟಕ್ಕೆಂದು ರೆಕಾರ್ಡ್ ಮಾಡಿದ ಅಪ್ಪನ ಹರಟೆ, ಹಾಡು, ಬೈಗುಳ. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ದಾನಪ್ಪನಿಗೆ ಮಾತು ಹೋಗಿದೆ. ಬೆಂಚಿನ ಮೇಲೆ ಕೂತು ಹೆಂಡತಿಯ ಅವಾಂತರ ನೋಡುತ್ತಿದ್ದ.

"ಕಾಕೂ, ಹಳೇದು ಟಕ್ ಟಕ್ ಅನ್ನಾಕತ್ತೈತಿ. ಇವತ್ತ ಕಾಪಿ ಮಾಡ್ಲಿಲ್ಲಂದ್ರ ಖತಮ್. ಹೊಸಾದು ಸಣ್ಣದಾದ್ರೂ ಇದರ ಐವತ್ತು ಪಟ್ಟು ಹಿಡಿತೈತಿ."

"ಅದ್ಹೆಂಗ?"

ಸಲ್ಮಾ ವಿಜಯಪುರದವರ ಮಗಳು, ಆದರೆ ಹುಟ್ಟಿ ಬೆಳೆದದ್ದು ಇಲ್ಲೇ. ಇಂಥದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದೆಂದರೆ ಅವಳಿಗೆ ಬೆವರು. ಅಷ್ಟರಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ಲೋಕಲ್ ರೈಲು ಬಂದು ಅವಳನ್ನು ಬಚಾವು ಮಾಡಿತು.

"ಕಾಕೂ, ಲೋಕಲ್‌ನಾಗ ಮೂರು ಮಂದಿ ಸೀಟಿಗೆ ನಾಲ್ಕನೇದವರು ಬಂದ್ರ ಏನಂತಾರ?"

"ಥೋಡಾ ಸರಕೋ, ಜರಾ ಸರೀರಿ ಅಂತಾರ."

"ಬಸ್, ಹಂಗ! ಇದರೊಳಗ ತಿರುಗೋ ತಾಟ ಐತಿ. ಮೊದಲ ಅದರ ಮ್ಯಾಲ ಒಬ್ಬೊಬ್ಬರ ಕಾಲ ಚಾಚಿ ಕುಂದರ್ತಿದ್ರು. ಈಗ ಸರಕೋ ಸರಕೋ ಅಂತ ಒಬ್ಬರ ಜಾಗಾದಾಗ ಐವತ್ತು ಮಂದೀನ ಕುಂದರಸ್ಯಾರ."

ಹೋಲಿಕೆಯೇನೋ ಚೆನ್ನಾಗಿತ್ತು, ಪರಿಣಾಮ ಮಾತ್ರ ಉಲ್ಟಾ ಹೊಡೆಯಿತು. ಕಾಶವ್ವ ಹಳೆಯ ಡಿಸ್ಕನ್ನು ಕಸಿದು ಎದೆಗವಚಿಕೊಂಡಳು.

"ಬ್ಯಾಡವಾ. ಮೂವತ್ತು ವರ್ಷ ಇವರು ಫೋರ್ತ್ ಸೀಟಿನ್ಯಾಗ ಒಂದ ತೊಡಿ ಊರಿ ಮಸ್ಜಿದ್ ಬಂದರಕ್ಕ ಕೆಲಸಕ್ಕ ಹೋಗ್ಯಾರ. ಈಗ ಇವರ ದನೀನೂ ಫೋರ್ತ್ ಸೀಟಿಗೇ ಕಳಸ್ಲೇನು?"

ದಾನಪ್ಪನೇ ಎದ್ದು ಬಂದ. ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಡಿಸ್ಕನ್ನು ಸಲ್ಮಾಳ ಕೈಗಿಟ್ಟು, ಮತ್ತೆ ಹೋಗಿ ಬೆಂಚಿನ ಮೇಲೆ ಕೂತ. ಆ ದನಿ ಅವನಿಗೂ ಬೇಕಾಗಿತ್ತು.

ಹಳೆಯದು ಟಕಟಕ ಅನ್ನುತ್ತ, ನಿಲ್ಲುತ್ತ, ಮತ್ತೆ ತಿರುಗುತ್ತ ಒಂದೂವರೆ ಗಂಟೆಯಲ್ಲಿ ಎಲ್ಲವನ್ನೂ ಒಪ್ಪಿಸಿತು. ಸಲ್ಮಾ ಪರದೆಯನ್ನು ಅವರತ್ತ ತಿರುಗಿಸಿದಳು. ಹೊಸ ಡಿಸ್ಕಿನ ಜಾಗ ತೋರಿಸುವ ಉದ್ದನೆಯ ಪಟ್ಟಿಯ ಒಂದು ತುದಿಗೆ ಚೂರೇ ಚೂರು ನೀಲಿ.

"ಕಾಕಾಂದು ಇಷ್ಟ ನೋಡ್ರಿ. ಉಳಿದದ್ದೆಲ್ಲಾ ಖಾಲಿ."

"ಪೂರಾ ಡಬ್ಬಾ ಖಾಲಿ?"

"ಪೂರಾ ಡಬ್ಬಾ."

ಸ್ಪೀಕರಿನಿಂದ ದಪ್ಪ ದನಿಯೊಂದು ಗದರಿತು: "ಏ ಕಾಶೀ, ಚಾ ಆತೇನ?"

ಕಾಶವ್ವನ ಕಣ್ಣು ತುಂಬಿ ಬಂತು. ನಗುತ್ತಲೇ ಒರೆಸಿಕೊಂಡು ಗಂಡನತ್ತ ತಿರುಗಿದಳು. "ಈಗರ ಕಾಲ ಚಾಚಿ ಕುಂದರ್ರಿ."

ಬೆಂಚಿನ ಮೇಲೆ ಬೇರೆ ಯಾರೂ ಇರಲಿಲ್ಲ. ಆದರೂ ದಾನಪ್ಪ ಅಂಚಿಗೆ ಸರಿದು, ಒಂದೇ ತೊಡೆ ಊರಿ ಕೂತು, ಪಕ್ಕದ ಜಾಗವನ್ನು ಅವಳಿಗೆ ತಟ್ಟಿ ತೋರಿಸಿದ.