ಹಕ್ಕರಕಿ ಪಲ್ಯ

ದಿನಾ ಮುಂಜಾನೆ ಕಳೆಯ ನಕ್ಷೆ ಬರುತ್ತಿತ್ತು. ಅದರಲ್ಲಿ ಕೆಂಪಾದ ಜಾಗಕ್ಕಷ್ಟೇ ಯಂತ್ರ ಹಾರಿಹೋಗಿ ಕಳೆ ಸುಡುವ ಔಷಧ ಸುರಿಯುತ್ತಿತ್ತು. ನೆಟ್ಟಗೆ ನಿಂತವರನ್ನು ಮನುಷ್ಯರೆಂದು ಬಿಡುತ್ತಿತ್ತು. ಬಗ್ಗಿದವರನ್ನು, ಓಡುವವರನ್ನು ಬಿಡುತ್ತಿರಲಿಲ್ಲ. ಊರಿನವರಿಗೆ ಇದು ರೂಢಿಯಾಗಿ ಹೋಗಿತ್ತು.

ಇವತ್ತು ಅದು ಜೋಳದ ಹೊಲದಲ್ಲಿ ಫಕೀರವ್ವನ ನೆತ್ತಿಯ ಮೇಲೆಯೇ ನಿಂತಿತ್ತು.

“ಉಡಿಯಾಗ ಏನೈತಿ ಯಕ್ಕಾ?” ಯಂತ್ರ ಕಾಯುವ ಮೌಲಾಸಾಬ ಬದುವಿನ ಮೇಲಿಂದ ಕೇಳಿದ.

“ಹಕ್ಕರಕಿ ಪಲ್ಯೆ. ಹೊಲದಾಗ ತಾನ ಹುಟ್ಟಿದ್ದು. ಬಸುರಿ ಮಗಳಿಗೆ ಬಯಕಿ ಆಗೈತಿ.”

“ನಕ್ಷೆದಾಗ ಅದೂ ಕಳೇನ. ಚೆಲ್ಲಿಬಿಡು.”

ಫಕೀರವ್ವ ನಿಂತಲ್ಲೇ ಉಡಿ ಕೊಡವಿದಳು. ಬಿದ್ದ ಸೊಪ್ಪಿನ ಮೇಲೆ ಯಂತ್ರ ಔಷಧ ಸುರಿದು, ಮತ್ತೆ ಬಂದು ನೆತ್ತಿಯ ಮೇಲೆ ನಿಂತಿತು.

“ಬಾಯಾಗೇನರ ಹಾಕ್ಕೊಂಡಿಯೇನು?”

“ಎರಡು ಎಲಿ. ಹರಿಯಾಕಿ ತಿನ್ನದ ಇರ್ತಾಳೇನು ತಮ್ಮಾ?”

ಮೌಲಾಸಾಬ ತಲೆ ಕೆರೆದುಕೊಂಡ. “ಹಂಗಾರ ಅದು ಹೊಟ್ಯಾಗ ಅರಗೂ ಮಟ ನೆಟ್ಟಗ ನಿಂದ್ರು. ಕುಂದ್ರಬ್ಯಾಡ, ಓಡಬ್ಯಾಡ.”

ಬಿಸಿಲು ಏರಿತು. ಫಕೀರವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡು ನೆಟ್ಟಗೆ ನಿಂತೇ ಇದ್ದಳು. ಅಷ್ಟರಲ್ಲಿ ಇನ್ನೊಂದು ಯಂತ್ರ ಎದ್ದು, ಹೊಲ ದಾಟಿ ಊರ ಕಡೆ ತಿರುಗಿತು.

“ಅದೆಲ್ಲಿಗೆ ಹೊಂಟೈತಿ?”

“ಓಣ್ಯಾಗ ಎಲ್ಲೋ ಕೆಂಪಾಗೈತಿ ಯಕ್ಕಾ.”

ಫಕೀರವ್ವ ತನ್ನ ಮನೆಯ ಕಡೆ ಕತ್ತು ತಿರುಗಿಸಿದಳು. ಬೆಳಕು ಹರಿಯುವ ಮೊದಲೇ ಅವಳು ಇದೇ ಹೊಲದಿಂದ ಒಂದು ಹಿಡಿ ಹರಿದು ಮನೆಗೆ ಕೊಟ್ಟು ಬಂದಿದ್ದಳು. ಮಗಳು ಅದನ್ನು ಬಿಸಿ ರೊಟ್ಟಿಯ ಜೊತೆ ತಿಂದು, ದಿನದಂತೆ ಅಂಗಳದ ಬೇವಿನ ನೆರಳಲ್ಲಿ ಅಡ್ಡಾಗಿರುವ ಹೊತ್ತು ಇದು.