ಎಂಟರಲ್ಲಿ ಎರಡು

"ಬಾಮ್ಮ ಜಾಣೆ, ಯಾರದನ್ನ ನೋಡಿ ಬರೆದೆ?"

ಲೆಕ್ಕದ ಮೇಡಂ ಒಂದೇ ಬೆಂಚಿನ ಇಬ್ಬರ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿದ್ದರು.

"ನೋಡಿಲ್ಲ ಮೇಡಂ," ಎಂದಳು ಹಾಲಿನವಳ ಮಗಳು. ಆಮೇಲೆ ಬರೀ ಅಳು.

ಹತ್ತು ಲೆಕ್ಕ. ಹತ್ತೂ ಹಾಲು, ಎಣ್ಣೆ, ನೀರಿನ ಲೀಟರುಗಳದ್ದು. ಪಕ್ಕದವಳು ಎರಡರಲ್ಲಿ ಒಂದು ಎಂದು ಬರೆದಲ್ಲಿ ಇವಳದು ನಾಲ್ಕರಲ್ಲಿ ಎರಡು. ಅವಳದು ಐದರಲ್ಲಿ ಮೂರು, ಇವಳದು ಹತ್ತರಲ್ಲಿ ಆರು. ಮೇಲೂ ಕೆಳಗೂ ಎರಡರಿಂದ ಗುಣಿಸಿಬಿಟ್ಟರೆ ಬೆಲೆ ಅದೇ, ವೇಷ ಮಾತ್ರ ಬೇರೆ. ಚಾಪೆ ಕೆಳಗಲ್ಲ, ರಂಗೋಲಿ ಕೆಳಗೇ ತೂರುವವಳು! ಮೇಡಂಗೆ ಮೈಯೆಲ್ಲ ಉರಿಯಿತು.

ಸಿಕ್ಕಿಬಿದ್ದದ್ದು ಏಳನೆಯದರಲ್ಲಿ. ಒಂದು ಲೀಟರ್ ಹಾಲಿಗೆ ಮೂರು ಲೀಟರ್ ನೀರು ಬೆರೆಸಿದರೆ, ಆ ಬೆರಕೆಯಲ್ಲಿ ಹಾಲಿನ ಪಾಲೆಷ್ಟು? ಅವಳು ನಾಲ್ಕರಲ್ಲಿ ಒಂದು ಎಂದಿದ್ದಳು, ಇವಳು ಎಂಟರಲ್ಲಿ ಎರಡು. ಮೇಡಂ ಉತ್ತರಪಟ್ಟಿಯಲ್ಲಿ ಮೂರರಲ್ಲಿ ಒಂದು. ಪಕ್ಕದಲ್ಲೇ ಇದ್ದ, ಇನ್ನೊಂದು ತರಗತಿಯ ಮೇಷ್ಟ್ರ ಪಟ್ಟಿಯಲ್ಲೂ ಅದೇ. ಇಬ್ಬರು ಬಲ್ಲವರು ತಪ್ಪುತ್ತಾರೆಯೇ?

"ಸರಿ ಉತ್ತರ ಎಲ್ಲರದ್ದೂ ಒಂದೇ ಇರುತ್ತೆ. ತಪ್ಪೂ ಒಂದೇ ಆದ್ರೆ, ನೋಡಿ ಬರೆದಿದ್ದು ಅಂತಲೇ ಅರ್ಥ."

ದೊಡ್ಡ ಶಾಲೆಯ ಉಚಿತ ಸೀಟಿಗೆ ಕಳಿಸುವ ಹೆಸರುಗಳಲ್ಲಿ ಇವಳದೂ ಇತ್ತು. ಹೊಡೆದುಹಾಕಲು ಮೇಡಂ ಕೆಂಪು ಪೆನ್ನು ತೆರೆದರು. ಅಷ್ಟರಲ್ಲಿ, ಹೇಳಿಕಳಿಸಿದ್ದಕ್ಕೆ ತಾಯಿ ಹಾಲಿನ ಕ್ಯಾನಿನ ಸಮೇತ ಓಡಿಬಂದಳು.

"ನೋಡಮ್ಮಾ, ನಿಮ್ಮ ಮನೆಯ ಮೋಸ ಗೊತ್ತಾಗಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

"ಅಯ್ಯೋ, ಚೂರು ನೀರು ಯಾರು ತಾನೇ ಹಾಕಲ್ಲ ಮೇಡಂ!"

"ನಿನ್ನ ಹಾಲಿನ ಮಾತಲ್ಲ!" ಮೇಡಂ ಏಳನೆಯ ಲೆಕ್ಕ ಓದಿದರು.

ತಾಯಿ ಹೌಹಾರಿದಳು. "ಒಂದಕ್ಕೆ ಮೂರಾ? ಅಷ್ಟೊಂದು ಹಾಕಲ್ಲ, ದೇವರಾಣೆ!" ಕ್ಯಾನಿಗೆ ನೇತುಬಿದ್ದಿದ್ದ ಅರ್ಧ ಲೀಟರಿನ ಅಳತೆಯನ್ನು ಎತ್ತಿ ತೋರಿಸಿದಳು. "ಹಾಕಿದ್ರೆ ಇದ್ರಲ್ಲಿ ಒಟ್ಟು ಎಂಟು ಅಳತೆ ಬರುತ್ತೆ, ಹಾಲು ಎರಡೇ. ಇವಳನ್ನೇ ಕೇಳಿ, ಎಲ್ಲಾನೂ ಇದ್ರಲ್ಲೇ ಎಣಿಸ್ತಾಳೆ."

ಮೇಡಂ ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹಣೆ ಒರೆಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು.

"ಹೋಗಮ್ಮ. ನಿನ್ನ ಹೆಸರು ಇರುತ್ತೆ."

ಹುಡುಗಿ ಕಣ್ಣೊರೆಸಿಕೊಂಡಳು. ಮೇಜಿನ ಮೇಲಿನ ಎರಡು ಉತ್ತರಪಟ್ಟಿಗಳನ್ನೂ ಬಗ್ಗಿ ನೋಡಿದಳು.

"ಮೇಡಂ, ನಿಮ್ಮದೂ ಮೇಷ್ಟ್ರದೂ ತಪ್ಪು ಒಂದೇ ಇದೆ. ಯಾರದನ್ನ ಯಾರು ನೋಡಿ ಬರೆದಿದ್ದು?"