ಎಡೆಗೆ ಬಂದ ಹಕ್ಕಿಗಳು

ಜನವರಿಯ ಚಳಿ, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ. ಕೊಲ್ಲಿ ನಾಡಿನ ಮಾಹೂಝ್‌ನ ಒಂದು ಕಟ್ಟಡದಲ್ಲಿ ಮೂರನೇ ಮಹಡಿಯ ಧನಂಜಯ ಕೆಳಗಿಳಿದು ಬಂದು ಆಂತೋನಿಯ ಬಾಗಿಲು ತಟ್ಟಿದ. ಆಂತೋನಿ ಆಗಲೇ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟಿದ್ದ. ವಾರವಿಡೀ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು, ಚಳಿಗಾಲದ ಶುಕ್ರವಾರ ಬಂತೆಂದರೆ ಮರಳುಗಾಡಿನ ಕಡೆ ಹೋಗಿ ಹಕ್ಕಿ ನೋಡುವುದು, ಅವನು ಕಂಡ ಸುಖ ಅದೊಂದೇ.

"ಸರ್, ಇಲ್ಲಿ ಕಾಗೆ ಎಲ್ಲಿ ಸಿಗುತ್ತೆ?"

"ಹದಿನೆಂಟು ವರ್ಷ ಆಯ್ತು ನಾನು ಇಲ್ಲಿಗೆ ಬಂದು. ನನ್ನತ್ರ ಕಾಗೆ ಕೇಳಿದವರು ನೀವೇ ಮೊದಲು ಮಾರಾಯ್ರೆ," ಎಂದ ಆಂತೋನಿ.

ಧನಂಜಯ ನಿಂತಲ್ಲೇ ಎಲ್ಲ ಹೇಳಿದ. ಅವನ ತಂದೆ ತೀರಿಕೊಂಡು ಅಂದಿಗೆ ಒಂದು ವರ್ಷ. ಅರಸೀಕೆರೆ ಕಡೆಯಿಂದ ಮಗನ ಮನೆಗೆ ಬಂದಿದ್ದ ತಾಯಿ ದೇವಮ್ಮ ಕತ್ತಲಿರುವಾಗಲೇ ಎದ್ದು ಅಡುಗೆ ಮಾಡಿ, ಬಾಲ್ಕನಿಯಲ್ಲಿ ಎಡೆ ಇಟ್ಟಿದ್ದರು. ಕಾಗೆ ಬಂದು ಮುಟ್ಟಿದರೆ ಹೋದವರೇ ಬಂದು ಉಂಡ ಹಾಗೆ. ಅಲ್ಲಿಯವರೆಗೆ ದೇವಮ್ಮ ಉಣ್ಣುವವರಲ್ಲ. ಬಂದದ್ದೆಲ್ಲ ಪಾರಿವಾಳ. ಓಡಿಸಿ ಓಡಿಸಿ ಸಾಕಾಗಿ, ಒಂದು ಲೋಟ ಕಾಫಿಯನ್ನೂ ಮುಟ್ಟದೆ ಕೂತಿದ್ದರು. ಆಂತೋನಿಗೆ ನೆನಪಾಯಿತು: ಹೋದ ವರ್ಷ ದಕ್ಷಿಣದ ದಾರಿಯಲ್ಲಿ ಒಂದು ಖರ್ಜೂರದ ತೋಟದ ಬಳಿ ಎರಡು ಕಾಗೆ ಕಂಡದ್ದುಂಟು. ಬರೀ ಕಾಗೆಯಲ್ಲವೇ ಎಂದು ಅವನು ಕಂಡ ಹಕ್ಕಿಗಳನ್ನು ಗುರುತಿಡುವ ಪುಸ್ತಕದಲ್ಲಿ ಕೂಡ ಬರೆದಿರಲಿಲ್ಲ.

ಮೂವರೂ ಅವನ ಕಾರಿನಲ್ಲೇ ಹೊರಟರು. ದೇವಮ್ಮ ಹಿಂದಿನ ಸೀಟಿನಲ್ಲಿ ಎಡೆಯ ತಟ್ಟೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಪಕ್ಕದಲ್ಲಿ ಮಿಕ್ಕ ಅಡುಗೆಯ ಕ್ಯಾರಿಯರ್. ಊರು ದಾಟಿ ಮರಳು ಶುರುವಾದ ಮೇಲೆ ಆಂತೋನಿಯ ಕಾಲು ಅವನ ಮಾತು ಕೇಳಲಿಲ್ಲ. ತಂತಿಯ ಮೇಲೆ ಏನೋ ಕಂಡರೆ ಬ್ರೇಕ್, ಕಲ್ಲಿನ ಮೇಲೆ ಏನೋ ಕುಣಿದರೆ ಬ್ರೇಕ್. ಪ್ರತಿ ಸಲವೂ ದೇವಮ್ಮ ಕಾಗೆಯಾ ಎಂದು ಕೇಳುವರು. ಅಲ್ಲಮ್ಮ, ಇದು ಚಳಿಗೆ ಬಹಳ ದೂರದಿಂದ ಬರುವುದು ಎಂದು ಅವನು ಹೇಳುವನು. ಮೂರನೆಯ ಸಲ ಅವರು, "ದೂರದಿಂದ ನಾನೂ ಬಂದಿದೀನಿ ಕಣಪ್ಪ, ನಡಿ," ಎಂದರು. ಧನಂಜಯ ಕಿಟಕಿಯ ಕಡೆ ತಿರುಗಿ ನಕ್ಕ.

ತೋಟದ ಅಂಚಿನಲ್ಲಿ ಮೋಟು ಗೋಡೆ. ಅದರ ಮೇಲೆ ಎಲೆ ಹಾಸಿ ಎಡೆ ಇಟ್ಟು ಮೂವರೂ ಕಾರಿನ ಮರೆಗೆ ಸರಿದರು. ದೇವಮ್ಮ ಕಾ ಕಾ ಎಂದು ಕರೆದರು. ಬಂದದ್ದು ನಾಲ್ಕು ಗೊರವಂಕ. ಹಿಂದೆಯೇ ಎರಡು ಪಿಕಳಾರ. ಅನ್ನ ಚೆಲ್ಲಾಡತೊಡಗಿದವು. ದೇವಮ್ಮ ಚಪ್ಪಾಳೆ ತಟ್ಟಲು ಎರಡೂ ಕೈ ಎತ್ತಿದರು. ಅಷ್ಟರಲ್ಲಿ ಖರ್ಜೂರದ ಗರಿಯಿಂದ ಬೂದುಬಣ್ಣದ ಒಂದು ಹಕ್ಕಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಹಾಗಿದ್ದದ್ದು, ಇಳಿದು ಬಂದು ಎಲೆಯ ಮೇಲಿನ ಬಾಳೆಹಣ್ಣಿಗೆ ಕೊಕ್ಕು ಹಾಕಿತು. ಆಂತೋನಿ ದೇವಮ್ಮನ ಎರಡೂ ಕೈಗಳನ್ನು ಹಿಡಿದುಬಿಟ್ಟ.

"ಅಮ್ಮ, ತಟ್ಟಬೇಡಿ. ಐದು ಚಳಿಗಾಲದಿಂದ ಇದಕ್ಕೇ ಕಾಯ್ತಾ ಇದ್ದೇನೆ. ಒಂದೇ ಒಂದು ನಿಮಿಷ."

ದುರ್ಬೀನು ಎತ್ತಬೇಕೆಂಬುದೂ ಅವನಿಗೆ ಮರೆತಿತ್ತು. ದೇವಮ್ಮ ಅವನ ಮುಖ ನೋಡಿದರು. ಎಲೆಯ ಕಡೆ ನೋಡಿದರು. ಯಾವ ಊರಿನದೋ ಏನೋ, ಆ ಹಕ್ಕಿ ನೆಂಟರ ಮನೆಗೆ ಬಂದ ಹಾಗೆ ನೆಮ್ಮದಿಯಾಗಿ ಉಣ್ಣುತ್ತಿತ್ತು. ಅವರ ಕೈ ತಾನಾಗಿ ಕೆಳಗಿಳಿಯಿತು. ಎಲೆ ಬರಿದಾಗುವವರೆಗೂ ಮೂವರೂ ಅಲುಗದೆ ನೋಡಿದರು. ಕೊನೆಗೆ ದೇವಮ್ಮನಿಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು.

"ಧನು, ನಿಮ್ಮಪ್ಪನ ಕೆಲಸ ಇದು. ಸಂತೆಯಿಂದ ಬರೋವಾಗ ದಾರೀಲಿ ಸಿಕ್ಕೋರನ್ನೆಲ್ಲ ಊಟಕ್ಕೆ ಕರ್ಕೊಂಡು ಬರೋರು. ಯಾರು ಇವರು ಅಂತ ಕೇಳಿದ್ರೆ, ಗೊತ್ತಿಲ್ಲ, ಹಸಿದಿದ್ರು ಅನ್ನೋರು."

ಬುತ್ತಿ ಬಿಚ್ಚೋಣ, ಆಂತೋನಿಗೂ ಹಸಿವಾಗಿರುತ್ತದೆ ಎಂದು ಅವರು ಕಾರಿನ ಬಾಗಿಲು ತೆಗೆದರು. ಧನಂಜಯ ಗಾಬರಿಯಾದ.

"ಕಾಗೆ ಇನ್ನೂ ಮುಟ್ಟಿಲ್ವಲ್ಲಮ್ಮ."

"ನಿಮ್ಮಪ್ಪ ಯಾವತ್ತು ಮೊದಲನೇ ಪಂಕ್ತೀಲಿ ಕೂತಿದ್ರು?"

ಕಾರಿನ ನೆರಳಲ್ಲಿ ಕೂತು ಮೂವರೂ ಹೊಟ್ಟೆ ತುಂಬ ಉಂಡರು. ಆ ಶುಕ್ರವಾರ ಅಲ್ಲಿಂದ ಮೊದಲು ಹೋದದ್ದು ಗೊರವಂಕಗಳು, ಆಮೇಲೆ ಬೂದು ಹಕ್ಕಿ, ಎಲ್ಲರಿಗಿಂತ ಕೊನೆಗೆ ದೇವಮ್ಮ. ಗೋಡೆಯ ಮೇಲಿನ ಎಲೆಯಲ್ಲಿ ಅವರು ಕೊನೆಯ ಪಂಕ್ತಿಗೆಂದು ಒಬ್ಬರ ಊಟವನ್ನು ಹೊಸದಾಗಿ ಬಡಿಸಿಟ್ಟಿದ್ದರು.